ಕೊನೆಯ ಹೊಲದ ಸರದಿ

ನಮ್ಮನೆಯವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾರೆ. ಸಮಾಜದ ಮೇಲೆ ಅವರು ಮಾಡಿದ್ದು ಒಂದೇ ಒಂದು ಪ್ರಯೋಗ. ಅದು ಅಜ್ಜಂಪುರದ ಹತ್ತಿರದ ನಮ್ಮೂರಿನ ಈರುಳ್ಳಿ ಹೊಲಗಳಲ್ಲಿ ನಡೆಯಿತು. ಆಮೇಲೆ ಅವರು ಪ್ರಯೋಗದ ಗೋಜಿಗೆ ಹೋಗಿಲ್ಲ, ಪಾಠ ಮಾತ್ರ ಮಾಡುತ್ತಿದ್ದಾರೆ.

ನಮ್ಮ ಕಡೆ ಈರುಳ್ಳಿ ಕೈಗೆ ಬರುವುದು ಮಳೆ ಇನ್ನೂ ಊರು ಬಿಟ್ಟಿರದ ಹೊತ್ತಿನಲ್ಲಿ. ಕಿತ್ತು, ಹೊಲದಲ್ಲೇ ಒಂದಿಷ್ಟು ದಿನ ಒಣಗಲು ಬಿಟ್ಟು, ಆಮೇಲೆ ಕೂತು ಒಂದೊಂದರ ಸೊಪ್ಪನ್ನೂ ಕುಡುಗೋಲಲ್ಲಿ ಕೊಯ್ದು, ಗಡ್ಡೆಯನ್ನು ಚೀಲಕ್ಕೆ ತುಂಬಿ ಶೆಡ್ಡಿಗೆ ಹಾಕಬೇಕು. ಕೀಳುವುದನ್ನು ಮನೆಯವರೇ ಹೇಗೋ ಮಾಡಿಕೊಳ್ಳುತ್ತಾರೆ. ಕೊಯ್ಯುವುದು ಮಾತ್ರ ಒಂದೇ ದಿನಕ್ಕೆ ಮುಗಿಯಬೇಕು, ಅದಕ್ಕೆ ಜನ ಬೇಕು. ಒಣಗಿ ಬಿದ್ದ ಈರುಳ್ಳಿಯ ಮೇಲೆ ಒಂದು ಜೋರು ಮಳೆ ಬಂದರೆ ಸಾಕು, ವಾರದೊಳಗೆ ಅದರ ವಾಸನೆಯಿಂದಲೇ ಯಾರ ಹೊಲ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಅದಕ್ಕೇ ಮುಯ್ಯಾಳು ಅಂತ ಇತ್ತು. ಇವತ್ತು ನಾವೆಲ್ಲ ನಿನ್ನ ಹೊಲಕ್ಕೆ, ನಾಳೆ ನೀವೆಲ್ಲ ನನ್ನ ಹೊಲಕ್ಕೆ. ಕೂಲಿಯಿಲ್ಲ, ಕೆಲಸಕ್ಕೆ ಕೆಲಸವೇ ಮುಯ್ಯಿ. ಹತ್ತು ಹನ್ನೆರಡು ಮನೆಯ ಹೆಂಗಸರ ಗುಂಪು ನಮ್ಮದು. ನಾನು ಹಿರೇನಲ್ಲೂರು ಕಡೆಯವಳು, ಅಲ್ಲಿ ರಾಗಿ ಹೊಲಕ್ಕೂ ಮುಯ್ಯಾಳು ಇತ್ತು. ಹಾಗಾಗಿ ಮದುವೆಯಾಗಿ ಬಂದಾಗ ಕೆಲಸದಲ್ಲಿ ನಾನು ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಕಲಿಯಬೇಕಾಗಿದ್ದದ್ದು ಅತ್ತೆಯನ್ನು.

ಗುಂಪಿಗೆ ಅತ್ತೆಯೇ ಯಜಮಾನಿ. ಯಾರೂ ಅವರನ್ನು ಆರಿಸಿರಲಿಲ್ಲ, ಯಾರೂ ತೆಗೆಯುವ ಹಾಗೂ ಇರಲಿಲ್ಲ. ಊರಿನ ಅರ್ಧ ಕೂಸುಗಳಿಗೆ ನೀರೆರೆದವರು ಅವರು. ಯಾವ ಮನೆಯ ಸೊಸೆ ಯಾವಾಗ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿ ಕೂತಿದ್ದಳು, ಯಾರು ಹೋಗಿ ಕಾಲು ಹಿಡಿದು ಕರೆತಂದರು, ಎಲ್ಲವೂ ಅವರಿಗೆ ಗೊತ್ತಿತ್ತು. ಅದನ್ನು ಅವರು ಎಲ್ಲೂ ಆಡುತ್ತಿರಲಿಲ್ಲ. ಮುಂದೂ ಆಡುವುದಿಲ್ಲ ಅಂತ ಜನಕ್ಕೆ ಖಾತ್ರಿ ಇರಲಿಲ್ಲ, ಅಷ್ಟೇ.

ಅವರ ಕಾಲದಲ್ಲಿ ತಡವಾಗಿ ಬಂದವಳಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೆಳಗ್ಗೆ ಈರುಳ್ಳಿಯನ್ನು ಗುಡ್ಡೆ ಗುಡ್ಡೆ ಮಾಡಿ ಒಬ್ಬೊಬ್ಬರು ಒಂದೊಂದು ಗುಡ್ಡೆಯ ಮುಂದೆ ಕೂರುತ್ತಿದ್ದೆವು. ತಡವಾದವಳ ಗುಡ್ಡೆಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿಕೊಂಡು ಮರದ ಕೆಳಗೆ ಹರಟುವಾಗ ಅವಳೊಬ್ಬಳೇ ಬಿಸಿಲಿನಲ್ಲಿ ಕೂತು ತನ್ನ ಗುಡ್ಡೆ ಮುಗಿಸುತ್ತಿದ್ದಳು. 'ಬಾರವ್ವ, ಉಣ್ಣು ಬಾ' ಅಂತ ಅತ್ತೆ ಬಹಳ ಪ್ರೀತಿಯಿಂದ ಕರೆಯುತ್ತಿದ್ದರು. ಆ ಪ್ರೀತಿಯನ್ನು ಎರಡನೇ ಸಲ ತಡೆದುಕೊಂಡವರನ್ನು ನಾನು ನೋಡಿಲ್ಲ.

ಇನ್ನೊಂದು ಪದ್ಧತಿ ಇತ್ತು. ಯಾರ ಹೊಲ ಮೊದಲು, ಯಾರದು ಆಮೇಲೆ ಅನ್ನುವುದನ್ನು ಅತ್ತೆಯೇ ಹೇಳುತ್ತಿದ್ದರು, ಮತ್ತು ನಮ್ಮ ಹೊಲವನ್ನು ಯಾವಾಗಲೂ ಕಟ್ಟಕಡೆಗೆ ಇಡುತ್ತಿದ್ದರು. ನನಗೆ ಇದು ಸರಿ ಬರುತ್ತಿರಲಿಲ್ಲ. ದಿನ ಹೋದಷ್ಟೂ ಮಳೆಯ ಭಯ ಜಾಸ್ತಿ. ಯಜಮಾನಿಕೆ ಮಾಡಿಯೂ ನಮ್ಮ ಮಾಲು ಕೊನೆಗೇ ಯಾಕೆ ಅಂತ ಒಮ್ಮೆ ಕೇಳಿದೆ. 'ಯಾರಾದ್ರೂ ಒಬ್ರು ಕೊನೆಗಿರ್ಬೇಕಲ್ಲವ್ವ' ಅಂದು ಎಲೆಯಡಿಕೆ ಹಾಕಿಕೊಂಡರು. ದೊಡ್ಡವರ ದೊಡ್ಡಸ್ತಿಕೆ ಅಂದುಕೊಂಡು ಸುಮ್ಮನಾದೆ.

ಇದೆಲ್ಲದರಿಂದ ನಿಜವಾಗಿ ಬದುಕುತ್ತಿದ್ದವಳು ನಮ್ಮ ಪಕ್ಕದ ಹೊಲದವಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು, ಮಗಳು ತರೀಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಒಂದೂವರೆ ಎಕರೆ ಈರುಳ್ಳಿಯ ಮೇಲೆ ಅವರಿಬ್ಬರ ಇಡೀ ವರ್ಷ ನಿಂತಿತ್ತು. ಕೂಲಿ ಕೊಟ್ಟು ಆಳು ಕರೆಯುವ ತ್ರಾಣ ಅವಳಿಗಿರಲಿಲ್ಲ. ಕೊಡಲಿಕ್ಕೆ ಇದ್ದದ್ದು ಅವಳ ಎರಡು ಕೈ. ಅವನ್ನು ಎಲ್ಲರ ಹೊಲಕ್ಕೂ ಎಲ್ಲರಿಗಿಂತ ಮೊದಲೇ ತಂದು ಕೊಡುತ್ತಿದ್ದಳು. ನಾನು ಕುಡುಗೋಲು ಹುಡುಕುವಷ್ಟರಲ್ಲಿ ಅವಳು ಒಂದು ಚೀಲ ತುಂಬಿರುತ್ತಿದ್ದಳು.

ಹೀಗಿರುವಾಗ ಅತ್ತೆಯ ಮಂಡಿ ಕೆಟ್ಟಿತು. ಕೂತರೆ ಏಳುವುದಕ್ಕೆ ಆಗುತ್ತಿರಲಿಲ್ಲ, ಹೊಲಕ್ಕೆ ಬರುವ ಮಾತು ದೂರವೇ. ಗುಂಪನ್ನು ಯಾರು ನಡೆಸುವುದು ಅಂತ ನಾವು ಹೆಂಗಸರು ಮಾತಾಡಿಕೊಳ್ಳುವ ಮೊದಲೇ ನಮ್ಮನೆಯವರು ಮುಂದೆ ಬಂದರು. ಅವರು ಆಗಷ್ಟೇ ಕಡೂರಿನಲ್ಲಿ ಮೇಷ್ಟ್ರುಗಳ ಒಂದು ತರಬೇತಿ ಮುಗಿಸಿ ಬಂದಿದ್ದರು. ತರಬೇತಿಯಿಂದ ಬಂದ ಗಂಡಸನ್ನು ಒಂದು ವಾರ ತಡೆಯುವುದು ಕಷ್ಟ. 'ನಿಮ್ಮ ಮುಯ್ಯಾಳಿನಲ್ಲಿ ಎಲ್ಲ ಬಾಯಿಮಾತಿನ ಮೇಲೆ ನಡೀತಿದೆ. ತಪ್ಪಿಗೆ ಇಂಥದ್ದೇ ದಂಡ ಅಂತ ಸ್ಪಷ್ಟವಾಗಿರಬೇಕು. ಆಗ ಯಾರ ಮುಲಾಜೂ ಇರಲ್ಲ' ಅಂದರು. ಮುಲಾಜಿನ ಮೇಲೆಯೇ ನಡೆಯುತ್ತಿದೆ ಅಂತ ಹೇಳಲು ನನಗೂ ಆಗ ಹೊಳೆಯಲಿಲ್ಲ.

ವಾಟ್ಸಾಪಿನಲ್ಲಿ ಒಂದು ಗ್ರೂಪ್ ಆಯಿತು. ತಡವಾಗಿ ಬಂದವರು ಮಾರನೇ ದಿನ ಎಲ್ಲರಿಗೂ ತಿಂಡಿ ತರಬೇಕು. ಬರಲು ಆಗದವರು ಅವತ್ತೇ ಮಧ್ಯಾಹ್ನ ಹೊಲಕ್ಕೆ ಊಟದ ಕ್ಯಾರಿಯರ್ ಕಳಿಸಬೇಕು. ಹೊಲದ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಬೇಕು. ದುಡ್ಡಿನ ದಂಡ ಬೇಡ, ಅದು ಮನಸ್ಸು ಒಡೆಯುತ್ತದೆ, ಊಟವಾದರೆ ಪ್ರೀತಿ ಬೆಳೆಯುತ್ತದೆ ಅಂತ ಅವರ ವಿವರಣೆ. ಹೆಂಗಸರೆಲ್ಲ ಒಂದೇ ಸಲಕ್ಕೆ ಒಪ್ಪಿಕೊಂಡರು. ಅಷ್ಟು ಬೇಗ ಅವರು ಒಪ್ಪಿದ ಇನ್ನೊಂದು ವಿಷಯ ನನಗೆ ನೆನಪಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಚೀಟಿ ಎತ್ತುವ ದಿನ ಅತ್ತೆ ಮಂಚದಿಂದಲೇ ಮಗನನ್ನು ಕರೆದರು. 'ಏನಪ್ಪಾ, ಚೀಟಿ ಗೀಟಿ ಯಾಕೆ? ನಮ್ದು ಕೊನೆಗೇ ಇರ್ಲಿ ಬಿಡು.'

'ಅವ್ವ, ಹಂಗೆಲ್ಲ ಆಗಲ್ಲ. ಎಲ್ರೂ ಒಂದೇ.'

'ಎಲ್ರೂ ಒಂದೇ ಆಗಿದ್ರೆ ಮುಯ್ಯಾಳು ಯಾಕೆ ಬೇಕಾಗಿತ್ತು?'

ಇವರು ನಕ್ಕರು. ಸ್ಟೀಲ್ ಡಬ್ಬಿ ಕುಲುಕಿ ಒಂದೊಂದೇ ಚೀಟಿ ಎತ್ತಿದರು. ನಮ್ಮ ಹೊಲ ಮೊದಲನೆಯದು. ಪಕ್ಕದ ಹೊಲದವಳದು ಕೊನೆ. ಅವಳು ಚೀಟಿಯನ್ನು ಮಡಿಸಿ ವಾಪಸು ಕೊಟ್ಟು, 'ಆಯ್ತು ಮೇಷ್ಟ್ರೇ, ಬಂದಂಗೆ ಆಗ್ಲಿ' ಅಂದಳು. ನಮ್ಮ ಈರುಳ್ಳಿ ಮೊದಲು ಶೆಡ್ಡು ಸೇರುತ್ತದಲ್ಲ ಅಂತ ನನಗೆ ಒಳಗೊಳಗೇ ಖುಷಿಯಾಗಿತ್ತು.

ನಮ್ಮ ಹೊಲಕ್ಕೆ ಎಲ್ಲರೂ ಬಂದರು. ಒಬ್ಬಳು ಮಾತ್ರ ತಡವಾಗಿ ಬಂದಳು. ಮಾರನೇ ದಿನ ನಿಯಮದ ಪ್ರಕಾರ ಮೆಣಸಿನಕಾಯಿ ಬೋಂಡ ಮತ್ತು ಮಂಡಕ್ಕಿ ತಂದಳು. ಬೋಂಡ ಬಹಳ ಚೆನ್ನಾಗಿತ್ತು. ತಪ್ಪಾದದ್ದು ಅಲ್ಲೇ. ಮೂರನೇ ದಿನ ಹೆಂಗಸರು ಅವಳಿಗೆ, 'ನಾಳೆನೂ ಸ್ವಲ್ಪ ತಡ ಮಾಡ್ಕಂಡೇ ಬಾ ಕಣೇ, ನಿನ್ ಗುಡ್ಡೆ ನಾವು ಕೊಯ್ತೀವಿ' ಅಂದರು. ಅವಳು ಹಾಗೇ ಮಾಡಿದಳು. ಅದನ್ನು ನೋಡಿ ಇನ್ನೊಬ್ಬಳು, ನಾನೇನು ಕಮ್ಮಿ ಅಂತ ತಡವಾಗಿ ಬಂದು ಮಾರನೇ ದಿನ ಕಜ್ಜಾಯ ತಂದಳು. ಹೊತ್ತಿಗೆ ಸರಿಯಾಗಿ ಬರುವವರು ಕೈಯಲ್ಲಿ ಏನೂ ತಾರದವರು ಅಂತಾಯಿತು. ಪಕ್ಕದ ಹೊಲದವಳು ಎಂದಿನಂತೆ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. 'ಇವಳ ಕೈ ಅಡುಗೆ ತಿನ್ನೋ ಭಾಗ್ಯ ನಮಗಿಲ್ಲ' ಅಂತ ಯಾರೋ ತಮಾಷೆ ಮಾಡಿದರು. ಅವಳೂ ನಕ್ಕಳು.

ತಿಂಡಿಯಿಂದ ಊಟಕ್ಕೆ ಹೋಗಲು ಬಹಳ ದಿನ ಬೇಕಾಗಲಿಲ್ಲ. ತಮ್ಮ ಹೊಲದ ಕೆಲಸ ಮುಗಿದವರು ಒಬ್ಬೊಬ್ಬರಾಗಿ ಕ್ಯಾರಿಯರ್ ಕಳಿಸತೊಡಗಿದರು. ಮೊದಲೆಲ್ಲ ಮುಯ್ಯಾಳು ತಪ್ಪಿಸಿದವಳು ನಾಲ್ಕು ದಿನ ನಲ್ಲಿಯ ಹತ್ತಿರವೂ ಬರುತ್ತಿರಲಿಲ್ಲ, ಬಂದರೂ ಕಾಯಿಲೆಯ ಕಥೆ ತಯಾರಿಟ್ಟುಕೊಂಡು ಬರುತ್ತಿದ್ದಳು. ಈಗ ಕ್ಯಾರಿಯರ್ ಕಳಿಸಿ, ಅಜ್ಜಂಪುರದ ಪೇಟೆಯಲ್ಲಿ ನಮಗೇ ಎದುರು ಸಿಕ್ಕಿ, 'ಪಲ್ಯಕ್ಕೆ ಉಪ್ಪು ಸರಿಯಾಗಿತ್ತಾ?' ಅಂತ ಕೇಳುತ್ತಿದ್ದಳು. ಕೆಲಸಕ್ಕೆ ಕೂತವರು ಕಮ್ಮಿಯಾದರು, ಊಟ ಜಾಸ್ತಿಯಾಯಿತು. ಉಂಡಮೇಲೆ ಕಣ್ಣು ಎಳೆಯುತ್ತಿತ್ತು, ಒಂದು ದಿನಕ್ಕೆ ಮುಗಿಯುವ ಹೊಲಕ್ಕೆ ಒಂದೂವರೆ ದಿನ ಹಿಡಿಯುತ್ತಿತ್ತು. ಗ್ರೂಪಿನಲ್ಲಿ ಮಾತ್ರ ಎಲ್ಲವೂ ಚೆನ್ನಾಗಿತ್ತು. ಊಟದ ಫೋಟೋ ಬರುತ್ತಿತ್ತು, ಅದಕ್ಕೆ ಇವರು ಹೆಬ್ಬೆರಳು ಒತ್ತುತ್ತಿದ್ದರು.

ಕೊನೆಗೆ ಪಕ್ಕದ ಹೊಲದವಳ ದಿನ ಬಂತು. ಹಿಂದಿನ ದಿನವೇ ಪಡುವಣದಲ್ಲಿ ಮೋಡ ಕಟ್ಟಿತ್ತು. ನಾನು ಬೆಳಗ್ಗೆ ಹೋದಾಗ ಅವಳು ಗುಡ್ಡೆಗಳನ್ನು ಮಾಡಿ, ಪ್ರತಿ ಗುಡ್ಡೆಯ ಪಕ್ಕ ಕೂರಲು ಒಂದೊಂದು ಚೀಲ ಹಾಸಿ, ಬಿಂದಿಗೆಯಲ್ಲಿ ನೀರು ತಂದಿಟ್ಟಿದ್ದಳು. ಒಣಗಿದ ಈರುಳ್ಳಿ ಹೊಲದ ತುಂಬ ಕೆಂಪಗೆ ಬಿದ್ದಿತ್ತು. ಒಳ್ಳೆಯ ಬೆಳೆ. ಇಬ್ಬರೂ ಕೂತೆವು. ಬತ್ತಾರೆ, ಹೊತ್ತಿನ್ನೂ ಎಲ್ಲಾಗೈತೆ ಅಂತ ಅವಳು. ಬರುತ್ತಾರೆ ಅಂತ ನಾನೂ. ಬಿಸಿಲೇರಿತು, ಹಾಸಿದ ಚೀಲಗಳು ಹಾಗೇ ಇದ್ದವು.

ಹನ್ನೆರಡರ ಹೊತ್ತಿಗೆ ಮೊದಲ ಬೈಕು ಬಂತು. ಬೋಂಡದವಳ ಗಂಡ ಒಂದು ಕ್ಯಾರಿಯರ್ ಇಳಿಸಿ, 'ತರೀಕೆರೆಗೆ ಹೋಗವ್ಳೆ, ಮದ್ವೆ ಜವಳಿ' ಅಂದು ಹೋದ. ಆಮೇಲೆ ಇನ್ನೊಂದು. ಅದನ್ನು ಕಳಿಸಿದವಳು ಮಠಕ್ಕೆ ಹೋಗಿದ್ದಳು. ಇನ್ನೊಬ್ಬಳದು ಹಾಲಿನ ಗಾಡಿಯಲ್ಲಿ ಬಂತು, ಅವಳು ಕಡೂರಿಗೆ ಯಾರನ್ನೋ ರೈಲಿಗೆ ಹತ್ತಿಸಲು ಹೋಗಿದ್ದಳು. ಒಬ್ಬೊಬ್ಬರೂ ಇನ್ನೊಬ್ಬರು ಹೋಗಿರುತ್ತಾರೆ, ನನ್ನೊಬ್ಬಳಿಂದ ಏನು ಅಂದುಕೊಂಡಿದ್ದರು. ಒಂದು ಗಂಟೆಗೆ ಬದುವಿನ ಮೇಲೆ ಸಾಲಾಗಿ ಕ್ಯಾರಿಯರ್‌ಗಳು ನಿಂತಿದ್ದವು. ಚಿತ್ರಾನ್ನ, ಪುಳಿಯೋಗರೆ, ರೊಟ್ಟಿ ಎಣ್ಣೆಗಾಯಿ, ಒಂದರಲ್ಲಿ ಹೋಳಿಗೆ. ಉಣ್ಣುವುದಕ್ಕೆ ನಾವಿಬ್ಬರು. ಒಬ್ಬರೂ ನಿಯಮ ಮುರಿದಿರಲಿಲ್ಲ.

ಶನಿವಾರ, ಇವರಿಗೆ ಬೆಳಗಿನ ಶಾಲೆ. ಸ್ಕೂಟರ್ ನಿಲ್ಲಿಸಿ ಬಂದು ಕ್ಯಾರಿಯರ್ ಸಾಲನ್ನು ನೋಡಿದರು. 'ಎಲ್ರೂ ಕಳಿಸಿದ್ದಾರಲ್ಲ' ಅಂದರು. ಆಮೇಲೆ ಹೊಲವನ್ನು ನೋಡಿದರು. ಆಮೇಲೆ ಆಕಾಶವನ್ನು. ಅವರ ಮುಖದಲ್ಲಿ ಪ್ರಯೋಗ ಮುಗಿಯುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಅವರ ಮೇಲೆ, ಆ ಹೆಂಗಸರ ಮೇಲೆ, ಆ ಹೋಳಿಗೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. 'ರೀ, ಚಪ್ಪಲಿ ಬಿಟ್ಟು ಕೂತ್ಕೊಳ್ಳಿ' ಅಂದು ಒಂದು ಕುಡುಗೋಲು ಕೊಟ್ಟೆ. ಕೂತರು. ಅವರು ಕೊಯ್ಯುವ ವೇಗಕ್ಕೆ ಆ ಹೊಲ ದೀಪಾವಳಿಗೆ ಮುಗಿಯುತ್ತಿತ್ತು.

ಪಕ್ಕದ ಹೊಲದವಳು ಎದ್ದು ಸೆರಗು ಕಟ್ಟಿದಳು. ಪಕ್ಕದ ಬೀಳಿನಲ್ಲಿ ಕುರಿ ಮಂದೆಯವರು ಬಿಡಾರ ಹಾಕಿದ್ದರು. ಅಷ್ಟೂ ಊಟವನ್ನು ಅವರಿಗೆ ಕೊಟ್ಟು ಬಂದಳು. ಬೋರ್‌ವೆಲ್ಲಿನ ನೀರಿಗೆ ಕ್ಯಾರಿಯರ್‌ಗಳನ್ನು ಹಿಡಿದು ಬೂದಿ ಹಾಕಿ ತಿಕ್ಕಿ ತೊಳೆದಳು. ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವುದಿಲ್ಲ, ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಅವಳು ಒಂದೊಂದು ಡಬ್ಬಿಗೂ ಒಂದೆರಡು ಈರುಳ್ಳಿ ಹಾಕಿದಳು. ಕೊಯ್ಯದೆ, ಒಣಗಿದ ಸೊಪ್ಪಿನ ಸಮೇತ ಮಡಚಿ ತುರುಕಿ ಮುಚ್ಚಳ ಹಾಕಿದಳು.

'ಎಲ್ಲಿಗೇ?' ಅಂದೆ.

'ಪಾತ್ರೆ ಕೊಟ್ ಬತ್ತೀನಿ ಕಣಕ್ಕ. ನಾಳೆ ಅವ್ರಿಗೆ ಬೇಕಾಯ್ತವಲ್ಲ.'

ಇವರು ಸ್ಕೂಟರಿನಲ್ಲಿ ಬಿಡುತ್ತೇನೆ ಅಂದರು. ಬೇಡ ಅಂದು, ಬುಟ್ಟಿಯಲ್ಲಿ ಜೋಡಿಸಿ ತಲೆಯ ಮೇಲೆ ಹೊತ್ತು ಊರ ಕಡೆ ನಡೆದಳು. ಪ್ರತಿ ಮನೆಯ ಬಾಗಿಲಲ್ಲೂ ಇಟ್ಟು, ಇದ್ದವರಿಗೆ 'ಊಟ ಚೆನ್ನಾಗಿತ್ತು' ಅಂದು, ಇಲ್ಲದವರ ಕದಕ್ಕೆ ಒರಗಿಸಿ ಬಂದಳಂತೆ. ವಾಪಸು ಬಂದು ಮತ್ತೆ ಗುಡ್ಡೆಯ ಮುಂದೆ ಕೂತಳು.

ನಾಲ್ಕು ಗಂಟೆಯ ಸುಮಾರಿಗೆ ಬೋಂಡದವಳು ಬಂದಳು. ತರೀಕೆರೆಯ ಬಸ್ಸಿನಿಂದ ಇಳಿದ ಒಳ್ಳೆಯ ಸೀರೆಯಲ್ಲೇ ಬಂದಿದ್ದಳು, ಕೈಯಲ್ಲಿ ಕುಡುಗೋಲು. ಯಾರ ಮುಖವನ್ನೂ ನೋಡದೆ ಒಂದು ಚೀಲದ ಮೇಲೆ ಕೂತಳು. ಆಮೇಲೆ ಇನ್ನಿಬ್ಬರು. ಮಠಕ್ಕೆ ಹೋದವಳು ಹಣೆಯ ವಿಭೂತಿಯ ಸಮೇತ ಬಂದಳು. ಐದಕ್ಕೆ ಹೆಚ್ಚೂ ಕಮ್ಮಿ ಎಲ್ಲರೂ ಇದ್ದರು, ಕೆಲವರು ಗಂಡಂದಿರನ್ನೂ ಕರೆತಂದಿದ್ದರು. ಅಷ್ಟು ಜನ ಹೆಂಗಸರು ಒಟ್ಟಿಗೆ ಕೂತು ಅಷ್ಟು ಮೌನವಾಗಿ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕುಡುಗೋಲಿನ ಸದ್ದು ಮಾತ್ರ. ಯಾರೂ ಕ್ಷಮಿಸು ಅನ್ನಲಿಲ್ಲ. ಅವಳೂ ಯಾಕೆ ಬಂದಿರಿ ಅನ್ನಲಿಲ್ಲ.

ಆರಕ್ಕೆ ಮಳೆ ಬಂತು. ನೆನೆಯುತ್ತಲೇ ಚೀಲ ಹೊತ್ತರು, ಮಣ್ಣಿನಲ್ಲಿ ಜಾರಿ ಬಿದ್ದರು, ಎದ್ದು ಮತ್ತೆ ಹೊತ್ತರು. ಅರ್ಧ ಬೆಳೆ ಶೆಡ್ಡು ಸೇರಿತು. ಅರ್ಧ ಹೊಲದಲ್ಲೇ ಉಳಿಯಿತು. ಬೆಳಗ್ಗೆಯೇ ಬಂದಿದ್ದರೆ ಪೂರ್ತಿ ಸೇರುತ್ತಿತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಮುಂದಿನ ವಾರ ನಾರತೊಡಗಿದಾಗ ಆ ದಾರಿಯಲ್ಲಿ ಯಾರೂ ಮೂಗು ಮುಚ್ಚಿಕೊಂಡು ಓಡಾಡಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿದರು. 'ಕೊನೇ ಹೊಲಕ್ಕೆ ಯಾರ್ ಬತ್ತಾರವ್ವ? ಎಲ್ರುದೂ ಆಗೋಗಿರ್ತದೆ, ಅವರಿಗೆ ಅವಳಿಂದ ಆಗ್ಬೇಕಾದ್ದು ಏನೂ ಇರಲ್ಲ. ಯಾರ ಹೊಲಕ್ಕೆ ಬರ್ದಿದ್ರೂ ನಡೀತದೆ ಅಂತ ಜನ ಅಂದ್ಕಂತಾರೋ, ಅಂಥೋರ ಹೊಲನ ಮೊದ್ಲು ಮುಗಿಸ್ಬಿಡ್ಬೇಕು. ನಂದಾದ್ರೆ ಬರ್ದೇ ಹೆಂಗಿದ್ದಾರು? ನಾನು ಬಿಡ್ತೀನಾ?' ಅಂದರು. ಇದನ್ನು ಆಗಲೇ ಹೇಳಬಾರದಿತ್ತಾ ಅಂದೆ. 'ಹೇಳಿದ್ರೆ ಅವ್ಳಿಗೆ ಅವಮಾನ ಅಲ್ವಾ?' ಅಂದರು. ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಒಳಗೆ ಬರಲಿಲ್ಲ. ಅವತ್ತೇ ಗ್ರೂಪ್ ಅಳಿಸಿಹಾಕಿದರು. ಅದರಿಂದ ಯಾವುದೂ ಹಿಂದಕ್ಕೆ ಬರಲಿಲ್ಲ.

ಮುಂದಿನ ವರ್ಷ ಅವಳು ಈರುಳ್ಳಿ ಹಾಕಲಿಲ್ಲ. ಒಬ್ಬಳೇ ನಿಭಾಯಿಸಬಹುದು ಅಂತ ರಾಗಿ ಹಾಕಿದಳು. ಮುಯ್ಯಾಳು ಮತ್ತೆ ಶುರು ಮಾಡೋಣ, ನಿನ್ನದೇ ಮೊದಲ ಸರದಿ ಅಂತ ಹೆಂಗಸರು ಹೋಗಿ ಕೇಳಿದರು. ನಾನೂ ಹೋಗಿದ್ದೆ. 'ನಂದು ಈರುಳ್ಳಿನೇ ಇಲ್ವಲ್ಲ, ನಂಗ್ಯಾಕ್ರವ್ವ ಸರದಿ' ಅಂದಳು. ಕೂರಲು ಚಾಪೆ ಹಾಕಿದಳು, ಬೆಲ್ಲ ನೀರು ಕೊಟ್ಟಳು, ಮಾತಿನಲ್ಲಿ ಏನೂ ಕಮ್ಮಿ ಮಾಡಲಿಲ್ಲ. ಅವಳಿಲ್ಲದೆ ಶುರು ಮಾಡಲು ಯಾರಿಗೂ ಮುಖವಿರಲಿಲ್ಲ. ಎಲ್ಲರೂ ಅಜ್ಜಂಪುರದಲ್ಲಿ ಆಳುಗಳನ್ನು ಒದಗಿಸುವ ಮೇಸ್ತ್ರಿಗೆ ಹೇಳಿ ಕೂಲಿಯವರನ್ನು ಕರೆಸತೊಡಗಿದೆವು.

ಈ ವರ್ಷ ನಮ್ಮ ಕೊಯ್ಲಿಗೆ ಗೂಡ್ಸ್ ಆಟೋ ಬಂದು ನಿಂತಿತು. ಇಳಿದ ಹೆಂಗಸರಲ್ಲಿ ಅವಳೂ ಇದ್ದಳು. ಅವಳ ಮನೆಯಿಂದ ನಮ್ಮ ಹೊಲಕ್ಕೆ ನಡೆದು ಬಂದರೆ ಹೆಚ್ಚು ಹೊತ್ತು ಬೇಡ. ಅವಳು ಬೆಳಗ್ಗೆ ಎದ್ದು ಅಜ್ಜಂಪುರಕ್ಕೆ ಹೋಗಿ, ಮೇಸ್ತ್ರಿಯ ಹತ್ತಿರ ಹಾಜರಿ ಹಾಕಿಸಿ, ಆಟೋದಲ್ಲಿ ನಮ್ಮೂರಿಗೆ ವಾಪಸು ಬಂದಿದ್ದಳು. ಹೇಳಿದ ಹೊತ್ತಿಗೆ ಕೂತಳು, ಹೇಳಿದ ಹೊತ್ತಿಗೆ ಎದ್ದಳು, ನಡುವೆ ಎಲ್ಲರಿಗಿಂತ ಹೆಚ್ಚು ಚೀಲ ತುಂಬಿದಳು. ಎಷ್ಟು ಶಿಸ್ತು ನೋಡು ಅಂತ ಇವರು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟರಮಟ್ಟಿಗೆ ಪಾಠ ಆಗಿದೆ.

ಸಂಜೆ ಮೇಸ್ತ್ರಿ ಕೂಲಿ ಹಂಚುವಾಗ ಅವಳು ಸಾಲಿನಲ್ಲಿ ನಿಂತು ತನ್ನದನ್ನು ಇಸಿದುಕೊಂಡಳು. ಮೊದಲೆಲ್ಲ ನಮ್ಮ ಕೊಯ್ಲು ಮುಗಿದ ಸಂಜೆ ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು, ಅಕ್ಕ ಇನ್ನೊಂದು ಲೋಟ ಅಂತ ಕೇಳಿ ಕಾಫಿ ಹಾಕಿಸಿಕೊಳ್ಳುತ್ತಿದ್ದಳು. ನಾನು ಒಂದು ಲೋಟ ಮಾಡಿಕೊಂಡು ಆಟೋದ ಹತ್ತಿರಕ್ಕೇ ಹೋದೆ. ಹಿಡಿ ಅಂದೆ. ಅವಳು ಲೋಟ ನೋಡಿ, ನನ್ನ ಮುಖ ನೋಡಿ, 'ಕೂಲಿ ಜೊತೆ ಕಾಫಿ ಮಾತಾಡಿಲ್ಲ ಕಣಕ್ಕ' ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಮಾತಾಗಿತ್ತೋ ಅದನ್ನು ಹೇಳಿದಳು, ಅಷ್ಟೇ.